ಅಪ್ಪ ಕೆತ್ತಿದ ಶಿನ್‌ಗಾರ್ಡು

ಮೊನ್ನೆ ಮಗಳಿಗೆ ಫುಟ್‌ಬಾಲ್ ಆಡುವಾಗ ಕಾಲಿಗೆ ಪೆಟ್ಟಾಗದಂತೆ ಕಟ್ಟುವ ಶಿನ್‌ಗಾರ್ಡ್ ಕೊಡಿಸೋಣವೆಂದು ಅವಳನ್ನು ಕರೆದುಕೊಂಡು ಕಡೂರಿನ ಅಂಗಡಿಗೆ ಹೋಗಿದ್ದೆ. ಜೊತೆಗೆ ಬಂದಿದ್ದ ಅಪ್ಪ ಒಂದನ್ನು ಎತ್ತಿಕೊಂಡು, ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೆ ಹಿಡಿದರು. ನನಗೆ ಮೊಣಕಾಲ ಕೆಳಗೆ ಹಳೆಯ ತುರಿಕೆ ಶುರುವಾಯಿತು.

ಯಗಟಿಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಿದ್ದ ಅಪ್ಪ ಯಾವುದನ್ನೂ ಕುಟ್ಟಿ ಸದ್ದು ಕೇಳದೆ ಕೊಳ್ಳುತ್ತಿರಲಿಲ್ಲ. ನಾನು ಶಾಲೆಯ ತಂಡ ಸೇರಿದಾಗ ಅಂಗಡಿಯ ಶಿನ್‌ಗಾರ್ಡುಗಳನ್ನೆಲ್ಲ ಕುಟ್ಟಿ ನೋಡಿ, "ಎಲ್ಲಾ ಟೊಳ್ಳು ಕಣೋ, ನಡಿ" ಅಂದುಬಿಟ್ಟರು. ಅವತ್ತು ಸಂಜೆ ಒಣಗಿದ ತೆಂಗಿನಗರಿಯ ದಪ್ಪ ಬುಡವನ್ನು ಮಚ್ಚಿನಿಂದ ಕೆತ್ತಿ, ನನ್ನ ಎರಡೂ ಕಾಲಿಗೆ ತುರಿಕೆ ಹುಟ್ಟಿಸುವ ನಾರಿನ ಹಗ್ಗದಿಂದ ಬಿಗಿದರು. ಕುಟ್ಟಿದರೆ ಬಾಗಿಲು ಬಡಿದ ಸದ್ದು ಬಂತು. ಅಪ್ಪನಿಗೆ ತೃಪ್ತಿಯಾಯಿತು.

ಪಂದ್ಯದಲ್ಲಿ, ಬರಿಗಾಲಲ್ಲಿ ಆಡುತ್ತಿದ್ದ ಎದುರು ತಂಡದವನೊಬ್ಬ ಚೆಂಡು ತಪ್ಪಿ ನನ್ನ ಕಾಲಿಗೆ ಒದ್ದ. ನನಗೆ ಏನೂ ಆಗಲಿಲ್ಲ. ಅವನು ಹೆಬ್ಬೆರಳು ಹಿಡಿದುಕೊಂಡು ಕೂತುಬಿಟ್ಟ. ಎರಡನೆಯವನೂ ಕುಂಟುತ್ತ ಆಚೆ ಹೋದಮೇಲೆ ಪಿ.ಟಿ. ಮೇಷ್ಟ್ರು ನನ್ನ ಕಾಲುಚೀಲ ಇಳಿಸಿ ನೋಡಿ, ಮೈದಾನದ ಅಂಚಿನಲ್ಲಿ ನಿಂತಿದ್ದ ಅಪ್ಪನನ್ನು ಕರೆದರು.

"ಇದೇನ್ರೀ ಯಜಮಾನ್ರೇ, ಎದುರಿನೋರು ಆಡೋದು ಬೇಡ್ವಾ?"

"ನನ್ ಮಗನ ಕಾಲ್ಗೇನಾದ್ರೂ ಆಯ್ತಾ ಸಾರ್?"

ಮೇಷ್ಟ್ರು ಬಗ್ಗಿ ಹಗ್ಗ ಬಿಚ್ಚಿದರು.

ಮೊನ್ನೆ ಅಂಗಡಿಯಲ್ಲಿ ಅದೆಲ್ಲ ನೆನಪಾಗಿ ನಾನು ಮೆತ್ತನೆಯ ಜೋಡಿಯೊಂದನ್ನು ಒತ್ತಿ ನೋಡಿ, "ಇದಕ್ಕೆ ಒದ್ದೋರಿಗೆ ನೋವಾಗಲ್ಲ ತಾನೇ?" ಎಂದು ಅಂಗಡಿಯವರನ್ನು ಕೇಳಿದೆ. ಅಷ್ಟರಲ್ಲಿ ಅಪ್ಪ ಅದನ್ನು ಮೊಮ್ಮಗಳ ಕಿವಿಯ ಹತ್ತಿರ ಹಿಡಿದು ಕುಟ್ಟುತ್ತಿದ್ದರು.

"ಕೇಳ್ಸ್ತೇನವ್ವಾ? ಟೊಳ್ಳು. ನಡಿ, ತೋಟಕ್ಕೆ ಹೋಗಾನ."