ಪಾಸ್‌ವರ್ಡ್ ಇಲ್ಲದ ಕಟ್ಟೆ

ಹೋದ ಭಾನುವಾರ ನಮ್ಮ ಮನೆಯ ಕಟ್ಟೆಯ ಮೇಲೆ ಒಬ್ಬರು ಸತ್ತೇ ಹೋಗುತ್ತಿದ್ದರು. ನನ್ನ ವೈಫೈನಿಂದ.

ಉತ್ಪ್ರೇಕ್ಷೆ ಅನ್ನಿಸಿತೇ? ಕೇಳಿ.

ದಾಂಡೇಲಿ-ಹಳಿಯಾಳ ರಸ್ತೆಯಿಂದ ಒಳಗಿರುವ ನಮ್ಮೂರಿಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಇಂಟರ್ನೆಟ್ ಇರುವುದು ನಮ್ಮೊಬ್ಬರ ಮನೆಯಲ್ಲಿ. ಕನೆಕ್ಷನ್ ಬಂದ ದಿನ ಪಾಸ್‌ವರ್ಡ್ ಹಾಕಲು ಕೂತೆ. ಅತ್ತೆ ತಡೆದರು.

"ಬ್ಯಾಸಿಗ್ಯಾಗ ಕಟ್ಟಿ ಮ್ಯಾಲೆ ನೀರಿನ ಗಡಿಗಿ ಇಡ್ತೀವಿ. ಅದಕ್ಕೇನ ಕೀಲಿ ಹಾಕ್ತೀವೇನ?"

ಸರಿ ಅನ್ನಿಸಿತು. (ಓದಿದವರಿಗೆ ದೊಡ್ಡ ಮನಸ್ಸು ತೋರಿಸುವ ಚಟ ತುಸು ಹೆಚ್ಚು.) ಅಂದಿನಿಂದ ಕಟ್ಟೆ ತುಂಬ ಜನ.

ಅವರಲ್ಲೊಬ್ಬರು ಸಿದ್ದಿ ಸಮುದಾಯದ ಹಿರಿಯರು. ಪ್ರತಿ ಭಾನುವಾರ ಚರ್ಚ್ ಮುಗಿಸಿ, ಮೂರು ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಕಾಡಿನಾಚೆಯಿಂದ ನಡೆದು ಬರುತ್ತಿದ್ದರು. ಮಗಳು ಗೋವಾದಲ್ಲಿ ಮನೆಗೆಲಸಕ್ಕಿದ್ದಾಳೆ. ವಿಡಿಯೋ ಕಾಲ್‌ನಲ್ಲಿ ತಾಯಿಯ ಮುಖ ಕಂಡೊಡನೆ ಮಗು ಅಳುತ್ತದೆ. ಪ್ರತಿ ವಾರವೂ.

ಆ ದಿನ ಕಟ್ಟೆಯ ಮೇಲೆ ಅವರಿಬ್ಬರೇ ಇದ್ದರು. ಗೇಟಿನಾಚೆ ಬೈಕ್ ನಿಲ್ಲಿಸಿದ ಬೇಕರಿ ಮಂಜಣ್ಣ, ಅಳುವ ಮಗುವನ್ನೂ ಅದನ್ನು ಹಿಡಿದುಕೊಂಡ ಅಜ್ಜನನ್ನೂ ಫೋಟೋ ಹೊಡೆದ. "ಮಕ್ಕಳ ಕಳ್ಳ, ಹುಷಾರ್" ಎಂದು ಊರ ಗ್ರೂಪಿಗೆ ಹಾಕಿದ. ಹೋಗಿದ್ದು ಯಾವ ನೆಟ್‌ನಲ್ಲಿ? ನನ್ನದರಲ್ಲಿ.

ಹತ್ತು ನಿಮಿಷದಲ್ಲಿ ಮುಖ್ಯ ರಸ್ತೆಯ ಗ್ಯಾರೇಜ್ ಕಡೆಯಿಂದ (ಅಲ್ಲಿ ಸಿಗ್ನಲ್ ಇದೆ) ಬೈಕುಗಳು ಬಂದವು. ಎಲ್ಲ ನಮ್ಮೂರಿನವರೇ. ಗೇಟು ದಾಟಿದೊಡನೆ ತಾನಾಗಿಯೇ ನನ್ನ ವೈಫೈಗೆ ಕನೆಕ್ಟ್ ಆಗುವ ಫೋನುಗಳು ಅವರವು.

"ಯಾರ ಕೂಸಲೇ ಇದು?"

"ನನ್ನ ಮಗಳ ಮಗಳ್ರೀ."

"ಹೌದೌದು, ಎಲ್ಲಾ ಕಳ್ಳರೂ ಹಿಂಗ ಅಂತಾರ."

ಒಬ್ಬ ಮಗುವನ್ನು ಕಿತ್ತುಕೊಂಡ. ಇನ್ನೊಬ್ಬನ ಕೈಯಲ್ಲಿ ಗ್ಯಾರೇಜಿನ ಪಾನಾ, ನಟ್ಟು ಬಿಚ್ಚುವ ಕಬ್ಬಿಣದ ಸ್ಪ್ಯಾನರ್. ಗದ್ದಲ ಕೇಳಿ ಹೊರಗೆ ಬಂದ ನನ್ನತ್ತ ಅವನೇ ತಿರುಗಿದ. "ಅಕ್ಕಾರ, ಇಂವಾ ನಿಮಗ ಗೊತ್ತೇನ್ರಿ? ಹೆಸರ ಹೇಳ್ರಿ ನೋಡೂಣು."

ನನಗೆ ಹೆಸರು ಗೊತ್ತಿರಲಿಲ್ಲ.

ವರ್ಷದಿಂದ "ಬರ್ರಿ, ಕೂಡ್ರಿ" ಅಂದಿದ್ದೆ. ಹೆಸರು ಕೇಳಿರಲಿಲ್ಲ. ನಾನು ತಡವರಿಸಿದ ಆ ಒಂದು ಗಳಿಗೆಯಲ್ಲಿ ಪಾನಾ ಅವರ ಹಣೆಗೆ ಬಿತ್ತು.

ನೆಲಕ್ಕೆ ಬಿದ್ದ ಫೋನಿನಲ್ಲಿ ಕಾಲ್ ಕಟ್ ಆಗಿರಲಿಲ್ಲ. "ನಮ್ಮಪ್ಪಗ ಬಡೀಬ್ಯಾಡ್ರಿ, ಅದು ನನ್ನ ಕೂಸರೀ" ಎಂದು ಮಗಳು ಗೋವಾದಿಂದ ಕೂಗುತ್ತಿದ್ದಳು. ಫೋನ್ ಎತ್ತಿ ಎಲ್ಲರ ಮುಖಕ್ಕೆ ಹಿಡಿದೆ. ಕೈಗಳು ಇಳಿದವು.

"ತಪ್ಪ ತಿಳಕೊಂಡ್ವಿ, ಬಿಡ್ರಿ." ಬೈಕುಗಳು ಹೊರಟವು. ರಕ್ತ ಒರೆಸಲು ಯಾರೂ ನಿಲ್ಲಲಿಲ್ಲ. ಬಟ್ಟೆ ಕಟ್ಟುತ್ತ ಹೆಸರು ಕೇಳಿದೆ. ಜುಜೆ.

ತಡವರಿಸದೆ "ಗೊತ್ತು" ಅಂದುಬಿಟ್ಟಿದ್ದರೆ? ವಾರದಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ.

ನೆಂಟರೆಲ್ಲ ಬುದ್ಧಿ ಹೇಳಿದರು. ಓಪನ್ ವೈಫೈ ಡೇಂಜರ್. ಹ್ಯಾಕರ್ ಬರುತ್ತಾನೆ. ಯಾರೋ ಏನೋ ಕಳಿಸಿದರೆ ಪೊಲೀಸರು ನಿನ್ನ ಬಾಗಿಲಿಗೆ. ಎಲ್ಲರಿಗೂ ನನ್ನ ಬಾಗಿಲಿನದೇ ಚಿಂತೆ. ಜುಜೆಯವರ ಹಣೆಯದಲ್ಲ.

ಪಾಸ್‌ವರ್ಡ್ ಹಾಕಿದೆ. ಚೀಟಿಯಲ್ಲಿ ಬರೆದು ಜುಜೆಯವರಿಗೆಂದು ಇಟ್ಟುಕೊಂಡೆ. ಈ ಭಾನುವಾರ ಅವರು ಬರಲಿಲ್ಲ.

ಮಂಜಣ್ಣ ಬಂದ. "ಏನ್ರಿ ಅಕ್ಕಾರ, ನಮಗೂ ಪಾಸ್‌ವರ್ಡ್ ಏನ್ರಿ? ನಾವೇನ ಹೊರಗಿನವರಾ?"

ಅಂದು ಕೈ ಎತ್ತಿದವರಲ್ಲಿ ಹೊರಗಿನವರು ಒಬ್ಬರೂ ಇರಲಿಲ್ಲ, ಮಂಜಣ್ಣ.