ಕಣ್ಣು ಮುಚ್ಚಿ ಬಾರಿಸಿದ ಮಿಷನ್ನು

ಆಗ ನನಗೆ ಅರವತ್ತೊಂದು. ಇದು ನಡೆದು ಹನ್ನೆರಡು ವರ್ಷವಾಯಿತು. ಗೊರಗುಂಟೆಪಾಳ್ಯದಲ್ಲಿ ಮೆಟ್ರೋ ಕಂಬಗಳು ಎದ್ದು ನಿಂತಿದ್ದವು, ಮೇಲೆ ರೈಲು ಇನ್ನೂ ಬಂದಿರಲಿಲ್ಲ.

ನನ್ನ ಮಗಳು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದಳು. ಹೆಣ್ಣುಮಗಳನ್ನು ಒಬ್ಬಳೇ ಕಳಿಸುವುದು ಹೇಗೆಂದು ಕಾವಲಿಗೆ ನಾನೂ ಹೋಗುತ್ತಿದ್ದೆ. ಮೂಲೆಯಲ್ಲಿ ಕೂತು ಕೂತು ಬೇಜಾರಾಗಿ ಒಂದು ದಿನ ಅವಳ ಪಕ್ಕದಲ್ಲಿದ್ದ ಹಳೆ ಸ್ಯಾಂಪ್ಲರಿಗೆ ಕೈ ಹಾಕಿದೆ. ಅದು ಸದ್ದು ನುಂಗುವ ಡಬ್ಬ. ಕೇಳಿಸಿದ್ದನ್ನು ಒಳಗೆ ಇಟ್ಟುಕೊಳ್ಳುತ್ತದೆ, ಮೇಲಿನ ರಬ್ಬರ್ ಪ್ಯಾಡ್ ತಟ್ಟಿದರೆ ಅದೇ ಸದ್ದನ್ನು ವಾಪಸ್ ಕೊಡುತ್ತದೆ. ಅದಕ್ಕೆ ನಮ್ಮ ಮನೆಯ ಸದ್ದುಗಳನ್ನೇ ತುಂಬಿಸಿದೆವು. ಮೊರದಲ್ಲಿ ರಾಗಿ ಕೇರಿದ್ದು, ಖಾಲಿ ಕೊಡಕ್ಕೆ ಬಡಿದದ್ದು, ಜಗಲಿ ಮೇಲೆ ಕಸಬರಿಕೆ ಎಳೆದದ್ದು. ನಾನು ಓದಿದ್ದು ಮೂರನೇ ಕ್ಲಾಸು. ಇಂಗ್ಲಿಷ್ ಒಂದಕ್ಷರ ಬಾರದು. ಯಾವ ಪ್ಯಾಡಿನಲ್ಲಿ ಯಾವ ಸದ್ದು ಎಂದು ಬೆರಳಿಗೆ ತಿಳಿಯಲಿ ಅಂತ ಹಣೆಗಿಡುವ ಸ್ಟಿಕ್ಕರ್ ಬೊಟ್ಟುಗಳನ್ನು ಅಂಟಿಸಿದ್ದೆ. ಮೊರಕ್ಕೆ ಉದ್ದನೆಯದು, ಕೊಡಕ್ಕೆ ಹರಳಿನದು. ಆರು ತಿಂಗಳಲ್ಲಿ ಕಾವಲಿನವಳು ಹೋಗಿ ಬಾರಿಸುವವಳಾದೆ.

ಆ ಮಿಷನ್ನಿಗೆ ಆತುರ ಎಂಬುದಿರಲಿಲ್ಲ. ಸದ್ದು ತುಂಬಿಟ್ಟ ಫ್ಲಾಪಿ ಹಾಕಿದರೆ ಕರಕರ ಎಂದು ಹಲ್ಲು ಕಡಿಯುತ್ತಾ ತನ್ನ ಸದ್ದುಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿತ್ತು. ಅಷ್ಟರಲ್ಲಿ ನನಗೆ ಜೊಂಪು ಹತ್ತುತ್ತಿತ್ತು. ಮಧ್ಯಾಹ್ನದ ಗಾಳಿಗೆ ಶಾಮಿಯಾನದ ಬಟ್ಟೆ ಉಸಿರಾಡಿದ ಹಾಗೆ ಏಳುವುದು, ಇಳಿಯುವುದು. ಅದರ ಕೆಂಪು ನೆರಳು ನನ್ನ ಕೈ ಮೇಲೆ ನೀರಿನ ಹಾಗೆ ಹರಿಯುವುದು. ಕಣ್ಣು ಮುಚ್ಚಿ ಶುರು ಮಾಡಿದರೆ ಮೊರ ತಾನೇ ಕೇರಿಕೊಳ್ಳುತ್ತಿತ್ತು, ಹೊಟ್ಟು ಹಾರಿ ಎಲ್ಲೋ ದೂರ ಹೋಗಿ ಬೀಳುತ್ತಿತ್ತು. ಯಾರ ಮದುವೆ, ಯಾವ ಊರು, ಎಲ್ಲ ಮರೆತು ಹೋಗುತ್ತಿತ್ತು.

ಅಂಥ ಮಿಷನ್ನನ್ನು ನಾನೇ ಕೈಯಾರೆ ಕೊಂದೆ. ಆಯುಧಪೂಜೆಯ ದಿನ ಅದನ್ನು ಮಣೆ ಮೇಲಿಟ್ಟು ಹೂವು ಮುಡಿಸಿದೆ. ಫ್ಲಾಪಿ ಹಾಕುವ ಬಾಯಿಗೆ ಗಂಧ ಮೆತ್ತಿ, ಮೇಲೆ ಕೈತುಂಬ ಕುಂಕುಮ ಒತ್ತಿದೆ. ಅರ್ಧ ಕುಂಕುಮ ಒಳಗೆ ಹೋಯಿತು. ಮರುದಿನದಿಂದ ಅದು ಒಂದು ಫ್ಲಾಪಿಯನ್ನೂ ಓದಲಿಲ್ಲ.

"ಬಾಯಿಗೆ ಯಾಕಮ್ಮ ಹಾಕ್ದೆ?" ಎಂದು ಮಗಳು ತಲೆ ಮೇಲೆ ಕೈ ಹೊತ್ತಳು.

"ಕಾರಿಗೆ ಇಡ್ತೀವಿ, ಬೋರ್‌ವೆಲ್ ಮೋಟ್ರಿಗೆ ಇಡ್ತೀವಿ. ಇದೇನ್ ಪಾಪ ಮಾಡಿತ್ತು?"

"ಮೋಟ್ರು ಕುಂಕುಮ ತಿನ್ನಲ್ಲಮ್ಮ!"

ಯಶವಂತಪುರದ ರಿಪೇರಿಯವನು ಬಿಚ್ಚಿ ನೋಡಿ ನಕ್ಕ. "ಅಮ್ಮಾ, ಒಳಗಡೆ ಪೂಜೆ ಜೋರಾಗೇ ನಡ್ದಿದೆ ಬಿಡಿ. ಇದ್ರ ಸಾಮಾನು ಈಗೆಲ್ಲೂ ಸಿಗಲ್ಲ."

ಮಗಳು ಲ್ಯಾಪ್‌ಟಾಪ್ ತಂದಳು. ಜೊತೆಗೆ ಚಪ್ಪಟೆಯಾದ ಒಂದು ಹಲಗೆ, ಅದರ ಮೇಲೆ ಹದಿನಾರು ಪ್ಯಾಡು. ಹಲಗೆಯೊಳಗೆ ಏನೂ ಇಲ್ಲ, ಸದ್ದೆಲ್ಲ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ. ಮೊರ, ಕೊಡ, ಕಸಬರಿಕೆ ಎಲ್ಲವನ್ನೂ ಒಂದೇ ಮಧ್ಯಾಹ್ನದಲ್ಲಿ ಹೊಸದಾಗಿ ತುಂಬಿಸಿದೆವು. ಕಷ್ಟ ಅಲ್ಲಿರಲಿಲ್ಲ. ಈ ಹಲಗೆಯಲ್ಲಿ ಒಂದು ಪ್ಯಾಡಿಗೆ ಒಂದೇ ಸದ್ದು ಎಂಬ ನಿಯತ್ತಿಲ್ಲ. ಅಂಚಿನ ಗುಂಡಿ ಒತ್ತಿದರೆ ಹದಿನಾರೂ ಬೇರೆಯಾಗುತ್ತವೆ.

"ಹಸಿರು ಲೈಟಿದ್ರೆ ಮನೆ ಸದ್ದು. ನೀಲಿ ಇದ್ರೆ ನಾಟಕದ್ದು, ಗುಡುಗು, ನಾಯಿ, ಸೈರನ್ನು. ಬಣ್ಣ ನೋಡ್ಕೊಂಡು ತಟ್ಟು, ಅಷ್ಟೇ" ಎಂದಳು ಮಗಳು.

ಬಣ್ಣ ನೋಡುವುದೇ ನನ್ನಿಂದಾಗದ ಕೆಲಸವಾಗಿತ್ತು. ಎರಡು ವರ್ಷದಿಂದ ನನ್ನ ಕಣ್ಣಿಗೆ ಪೊರೆ ಬಂದಿತ್ತು, ಯಾರಿಗೂ ಹೇಳಿರಲಿಲ್ಲ. ಹಳೆ ಮಿಷನ್ನಿಗೆ ಕಣ್ಣು ಬೇಕಿರಲಿಲ್ಲ, ಬೆರಳು ಸಾಕಿತ್ತು. ಈ ಹಲಗೆಯ ದೀಪಗಳು ಒಂದರೊಳಗೊಂದು ಕರಗಿ, ಕೆರೆಯ ಮೇಲೆ ಬಿದ್ದ ಬೆಳಕಿನ ಹಾಗೆ ಅಲುಗುತ್ತಿದ್ದವು. ಚೆಂದ ಕಾಣುತ್ತಿತ್ತು, ಸುಳ್ಳು ಹೇಳಬಾರದು. ಹಸಿರು ಯಾವುದು ನೀಲಿ ಯಾವುದು ಮಾತ್ರ ತಿಳಿಯುತ್ತಿರಲಿಲ್ಲ. ಹೇಳಿದರೆ ಮಗಳು ಎಬ್ಬಿಸಿ ಮತ್ತೆ ಮೂಲೆಗೆ ಕೂರಿಸುತ್ತಾಳೆ, ಬೇರೆಯವರನ್ನು ಕರೆಸುತ್ತಾಳೆ. ಅದೊಂದು ನನಗೆ ಬೇಡವಾಗಿತ್ತು. ಬಾಯಿ ಮುಚ್ಚಿಕೊಂಡು, ಕಣ್ಣನ್ನೂ ಮುಚ್ಚಿಕೊಂಡು ಬಾರಿಸಿದೆ. ನೋಡಿದವರು ಅಜ್ಜಿ ಎಷ್ಟು ಮೈಮರೆತಿದ್ದಾಳೆ ಎನ್ನುತ್ತಿದ್ದರು. ಅನ್ನಲಿ ಅಂತ ಬಿಟ್ಟೆ.

ಸೋಲದೇವನಹಳ್ಳಿಯ ಒಂದು ಕಾಲೇಜಿನಲ್ಲಿ ಕಾಲೇಜ್ ಡೇ. ಹುಡುಗಿಯರ ಸುಗ್ಗಿ ಕುಣಿತ, ಎಲ್ಲರ ಕೈಯಲ್ಲೂ ಮೊರ. ಕುಣಿತ ಕಲಿಸಿದ ಮೇಷ್ಟ್ರು ಬಂದು, "ಅಜ್ಜಿ, ನಿಮ್ ಮೊರ ನಂಬ್ಕೊಂಡಿದೀವಿ ಕಣ್ರೀ" ಎಂದರು. ಮೊದಲ ಪದ ಸಲೀಸಾಗಿ ಹೋಯಿತು. ಎರಡನೆಯದರಲ್ಲಿ ನಾನು ತೇಲುತ್ತಿದ್ದೆ, ಮಣಿಕಟ್ಟು ಅಂಚಿನ ಗುಂಡಿಗೆ ತಾಗಿದ್ದು ಗೊತ್ತಾಗಲಿಲ್ಲ. ಮೊರ ಕೇರುವ ಜಾಗದಲ್ಲಿ ನಾಯಿ ಬೊಗಳಿತು. ತಪ್ಪು ತಟ್ಟಿದೆನೆಂದು ಇನ್ನೂ ಗಟ್ಟಿಯಾಗಿ ತಟ್ಟಿದೆ. ಹುಡುಗಿಯರು ಮೊರ ಎತ್ತಿದಾಗಲೆಲ್ಲ ಬೌ ಬೌ.

"ಅಜ್ಜಿ, ನಾಯಿಗೆ ಊಟ ಹಾಕಜ್ಜಿ!" ಎಂದು ಯಾರೋ ಕೂಗಿದರು. ಇಡೀ ಶಾಮಿಯಾನ ಶಿಳ್ಳೆ ಹೊಡೆಯಿತು.

"ಅಮ್ಮಾ, ನೀಲಿ ಆಗಿದೆ, ಹಸಿರಿಗೆ ಹಾಕು!" ಎಂದು ಮಗಳು ಹಲ್ಲು ಕಚ್ಚಿ ಹೇಳಿದಳು.

"ಯಾವ್ದೇ ನೀಲಿ?" ಎಂದೆ.

ಅವಳು ನನ್ನ ಮುಖ ನೋಡಿದಳು. ನನ್ನ ಕೈ ಸರಿಸಿ, ಒಂದು ಕೈಯಲ್ಲಿ ಕೀಬೋರ್ಡು, ಇನ್ನೊಂದರಲ್ಲಿ ಪ್ಯಾಡು ನುಡಿಸಿ ಪದ ಮುಗಿಸಿದಳು.

ಸಂಜೆ ಆಟೋದಲ್ಲಿ ಜಾಲಹಳ್ಳಿಯ ನಮ್ಮ ಮನೆಗೆ ಹೊರಟೆವು. ಸ್ವಲ್ಪ ದೂರ ಬಂದ ಮೇಲೆ ಮಗಳು, "ಎಷ್ಟು ದಿನದಿಂದ?" ಎಂದು ಕೇಳಿದಳು.

"ಎರಡ್ ವರ್ಷ."

"ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ಎಬ್ಬಿಸ್ತಿದ್ದೆ."

"ಈಗ್ಲೂ ಎಬ್ಬಿಸ್ತೀನಿ. ಕಣ್ಣು ಕಾಣೋವರ್ಗೂ ಹಲಗೆ ಮುಟ್ಬೇಡ."

ನಾನು ಜಗಳವಾಡಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಎದುರಿನಿಂದ ದೀಪಗಳು ಸೇವಂತಿಗೆ ತಟ್ಟೆಗಳ ಹಾಗೆ ಅರಳಿ ಅರಳಿ ತೇಲಿ ಬರುತ್ತಿದ್ದವು. ಲಾರಿಗಳು ಅಂತ ನನಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಮಗಳು ಏಳುವ ಮೊದಲೇ ಬಸ್ಸು ಹತ್ತಿ ಕಣ್ಣಿನ ಆಸ್ಪತ್ರೆಗೆ ಹೋದೆ. ಚೀಟಿ ಬರೆಯುವವಳು ಯಾವ ಕಣ್ಣು ಎಂದು ಕೇಳಿದಳು. ಎರಡೂ ಬರ್ಕೋ ಎಂದೆ.