ಸೋತರೂ ಉಳಿದ ಮ್ಯಾನೇಜರ್

ಎಂಬತ್ತರ ದಶಕದ ಮಾತು. ನೈರೋಬಿಯ ಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಆ ವರ್ಷ ನನ್ನ ಕ್ಲಾಸಿನ ರಿಸಲ್ಟ್ ನೆಲಕಚ್ಚಿತ್ತು. ನನ್ನನ್ನು ಇಟ್ಟುಕೊಳ್ಳೋದೋ ಬಿಡೋದೋ ಅಂತ ಒಳಗೆ ಮೀಟಿಂಗ್ ನಡೀತಿತ್ತು. ಹೊರಗೆ ಬೆಂಚಿನ ಮೇಲೆ ನನಗೆ ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸೋದು. ಪಕ್ಕದಲ್ಲಿ ಅಮೆರಿಕದಿಂದ ಬಂದಿದ್ದ ನಮ್ಮ ಆಟದ ಮೇಷ್ಟ್ರು ಬೇಸ್‌ಬಾಲ್ ಮ್ಯಾನೇಜರುಗಳ, ಅಂದರೆ ಟೀಮು ಆಡಿಸೋ ಕೋಚುಗಳ, ದಾಖಲೆ ಪುಸ್ತಕ ಓದುತ್ತಾ ಕೂತಿದ್ದ.

"ಇವನನ್ನು ನೋಡು, ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. ಆದರೂ ಹಣ್ಣು ಮುದುಕನಾಗೋವರೆಗೂ ಅದೇ ಟೀಮಿಗೆ ಮ್ಯಾನೇಜರ್!"

ನನಗೆ ಹೋದ ಜೀವ ಬಂತು. "ಯಾಕೆ ತೆಗೀಲಿಲ್ಲ?"

"ಟೀಮಿನ ಮಾಲೀಕತ್ವದಲ್ಲಿ ಅವನದೂ ಪಾಲಿತ್ತಲ್ಲ."

ಅಷ್ಟರಲ್ಲಿ ಒಳಗೆ ಕರೆದರು. ಐದೇ ನಿಮಿಷದಲ್ಲಿ ಕೆಲಸ ಹೋಯಿತು.

ಮುಂದಿನ ತಿಂಗಳು ಪಾರ್ಕ್‌ಲ್ಯಾಂಡ್ಸ್‌ನ ನಮ್ಮನೆ ಹಾಲಿನಲ್ಲೇ ಟ್ಯೂಷನ್ ಶುರು ಮಾಡಿದೆ. ಮೊದಲ ಬ್ಯಾಚು ಅರ್ಧಕ್ಕರ್ಧ ಫೇಲು. ಈ ಸಲ ಮಾತ್ರ ನನ್ನನ್ನು ಯಾರೂ ತೆಗೀಲಿಲ್ಲ.